ಬಚ್ಚಲ ಕಿಟಕಿಯ ಅಣಬೆ

ಮೊನ್ನೆ ವಿನೋಬನಗರದ ಸಾಮಿಲ್ಲಿನ ಮುಂದೆ ಹಾದುಬರುವಾಗ ಹಸಿ ಹೊಟ್ಟಿನ ವಾಸನೆ ಮೂಗಿಗೆ ಬಡಿದು, ಕಾಲು ತಾನಾಗಿ ನಿಂತಿತು. ಮಳೆಗೆ ನೆನೆದ ದಿಮ್ಮಿಯೊಂದಕ್ಕೆ ಮರದಣಬೆ ಕಚ್ಚಿಕೊಂಡಿತ್ತು. ವಾರ್ನಿಷ್ ಬಳಿದಂಥ ಕೆಂಗಂದು ಮೈ, ಅಂಚಿಗೆ ಬಿಳಿ. ಕೇಳಿ ಕಿತ್ತುಕೊಂಡೆ. ಸಾಮಿಲ್ಲಿನವನು ನಕ್ಕ.

"ಇದನ್ನ ಕುದಿಸಿ ಕುಡಿಸೇ ಅಲ್ವೇನ್ರಿ ಆ ಮೇಷ್ಟ್ರು ನಿಮ್ಮ ಮನೆಯೋರ ಟಿಬಿ ವಾಸಿ ಮಾಡಿದ್ದು, ಯಜಮಾನ್ರೆ?"

ನಮ್ಮ ಬೀದಿ ಇಷ್ಟು ವರ್ಷ ಈ ಕಥೆಯನ್ನೇ ನಂಬಿಕೊಂಡು ಬಂದಿದೆ. ನಾನು ಒಪ್ಪಿಲ್ಲ, ಒಪ್ಪುವುದೂ ಇಲ್ಲ. ಶಾಲೆ ಕಂಡದ್ದು ಕಡಿಮೆಯಾದರೂ, ಕಣ್ಣೆದುರು ನಡೆದದ್ದನ್ನು ಬೀದಿಯ ಬಾಯಿಂದ ಕಲಿಯುವ ಗತಿ ನನಗೆ ಬಂದಿಲ್ಲ.

ತೊಂಬತ್ತರ ದಶಕದ ಕೊನೆ. ಆ ಮೇಷ್ಟ್ರು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದರು. ನಮ್ಮ ಪಕ್ಕದ ತಗಡಿನ ಮನೆಯಲ್ಲಿ ಬಾಡಿಗೆಗಿದ್ದರು. ಭಾನುವಾರ ಹರಿಹರಕ್ಕೆ ಹೋಗಿ ಹೊಳೆದಂಡೆಯ ಮುದಿಮರಗಳಿಂದ ಇಂಥ ಅಣಬೆ ತರುವರು. ಅಗಲಬಾಯಿಯ ಬಾಟಲಿಗಳಿಗೆ ಮರದ ಹೊಟ್ಟು ತುಂಬಿ ಬೆಳೆಸುವರು. ಅದರ ಸಾರದಿಂದ ಒಂದು ದಿನ ಕ್ಷಯಕ್ಕೆ ಔಷಧಿ ಹುಟ್ಟೀತೆಂಬುದು ಅವರ ನಂಬಿಕೆ. ಅದನ್ನು ಭ್ರಮೆಯೆಂದು ನಕ್ಕವರನ್ನೂ ನಾನು ಒಪ್ಪುವುದಿಲ್ಲ. ಪೆನ್ಸಿಲಿನ್ ಬಂದದ್ದು ಬೂಷ್ಟಿನಿಂದಲೇ. ಆದರೆ ಮೇಷ್ಟ್ರು ತಮ್ಮ ನಂಬಿಕೆಯನ್ನು ಎಂದೂ ಪುರಾವೆಯೆಂದು ಹೇಳಿಕೊಳ್ಳಲಿಲ್ಲ...

ಆಗಲೇ ನನ್ನ ಹೆಂಡತಿಗೆ ಕ್ಷಯ ತಗುಲಿತು. ಸರ್ಕಾರಿ ಆಸ್ಪತ್ರೆಯ ಮಾತ್ರೆಗಳಿಂದ ಕೆಲವೇ ವಾರಗಳಲ್ಲಿ ಕೆಮ್ಮು ನಿಂತಿತು. ನಿಂತದ್ದೇ ಅಪಾಯವಾಯಿತು. ನಡುವೆ ಬಿಟ್ಟರೆ ರೋಗ ಬಲಿತು ಮರಳುತ್ತದೆಂದು ಡಾಕ್ಟರು ಎಚ್ಚರಿಸಿದ್ದರೂ, ಅವಳು ಮಾತ್ರೆ ಬೇಡವೆಂದು ಹಟ ಹಿಡಿದಳು. ನೇರ ಮೇಷ್ಟ್ರ ಮನೆಗೆ ನಡೆದಳು, ಹಿಂದೆ ನಾನು.

"ಹೊಟ್ಟೆ ತೊಳಸ್ತೈತ್ರಿ, ಉಚ್ಚೆ ಕೆಂಪಗಾಗ್ತೈತೆ. ನನಗಾ ಮಾತ್ರೆ ಬ್ಯಾಡ. ನಿಮ್ಮ ಅಣಬೆ ಕಷಾಯ ಕೊಡ್ರಿ."

"ಮೊದ್ಲು ಕುಂದ್ರು ತಂಗಿ," ಎಂದರು ಮೇಷ್ಟ್ರು. "ಗಾಜಿನ ತಟ್ಟೆಯಾಗ ಕ್ರಿಮಿ ಸಾಯೋದು ಬ್ಯಾರೆ, ಮನುಷ್ಯರ ಎದೆಯಾಗ ಸಾಯೋದು ಬ್ಯಾರೆ. ಇದಿನ್ನೂ ಔಷಧಿ ಆಗಿಲ್ಲ."

"ಮತ್ತೆ ಯಾವಾಗ ಆಗ್ತೈತೆ?"

"ಗೊತ್ತಿಲ್ಲ. ಆಗೋದನ್ನ ನೋಡಾಕ ನೀನಿರಬೇಕಲ್ಲ? ಅಲ್ಲೀತನಕ ಮಾತ್ರೆ ನುಂಗು."

ಸಿಟ್ಟಿನಲ್ಲೂ ಅವಳಿಗೆ ನಗು ಬಂತು. ಅದೇ ಸಮಯವೆಂದು ಅವರು ಒಂದು ಬಾಟಲಿಯನ್ನು ಅವಳ ಕೈಗಿಟ್ಟರು. ತಗಡಿನ ಸೆಕೆಗೆ ಅವರ ಅಣಬೆ ಬಾಡುತ್ತಿತ್ತು. ನಮ್ಮ ಬಚ್ಚಲು ತಂಪು, ಬಾಟಲಿಯನ್ನು ಅದರ ಕಿಟಕಿಯಲ್ಲಿಟ್ಟೆವು. ಬೆಳಿಗ್ಗೆ ಮೊದಲು ಮಾತ್ರೆ, ಆಮೇಲೆ ಅಣಬೆಗೆ ನೀರು ಚಿಮುಕಿಸುವುದು, ಇದು ಕರಾರು. ದಿನವೂ ಗೋಡೆಯಾಚೆಯಿಂದ ಕೂಗುವರು:

"ಆತೇನು ತಂಗೀ?"

"ನುಂಗೀನ್ರಿ! ನಿಮ್ಮ ಕೂಸಿಗೂ ನೀರು ಕುಡಿಸೀನಿ!"

ಅಣಬೆ ಬಾಟಲಿಯ ಬಾಯಿಂದ ಹೊರಚಾಚಿ ಬೀಸಣಿಗೆಯಂತೆ ಅರಳಿತು. ಮಾತ್ರೆಗಳು ಮುಗಿದಾಗ ಅವಳ ಕಫದಲ್ಲಿ ರೋಗಾಣು ಇರಲಿಲ್ಲ. ಅಣಬೆಯ ಒಂದು ಚೂರೂ ಅವಳ ಹೊಟ್ಟೆ ಸೇರಿರಲಿಲ್ಲ. ಕಿಟಕಿಯ ಬಾಟಲಿಯನ್ನು ಕಂಡ ಬೀದಿ, ಮಾತ್ರೆಯನ್ನು ಕಾಣಲಿಲ್ಲ, ಅಷ್ಟೆ.

ಮೇಷ್ಟ್ರಿಗೆ ವರ್ಗವಾಯಿತು. ಕೆಲ ವರ್ಷಗಳ ಮೇಲೆ ತೀರಿಕೊಂಡ ಸುದ್ದಿ ಬಂತು... ತಮ್ಮ ಅಣಬೆ ಔಷಧಿಯಾಗುವುದನ್ನು ಅವರು ಕಾಣಲಿಲ್ಲ.

ಸಾಮಿಲ್ಲಿನವನಿಗೆ ಇಷ್ಟನ್ನೂ ನಿಂತು ಹೇಳಿ, ಅಣಬೆಯೊಂದಿಗೆ ಮನೆಗೆ ಬಂದೆ. ಹೆಂಡತಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಬಚ್ಚಲ ಕಿಟಕಿಯಲ್ಲಿಟ್ಟು, ಬೊಗಸೆಯಿಂದ ನೀರು ಚಿಮುಕಿಸಿದಳು.

"ಇದು ಔಷಧಿ ಆತೇನ್ರಿ?"

"ಇನ್ನೂ ಇಲ್ಲ."

"ಹಂಗಾರೆ ನಾನಿನ್ನೂ ಇರಬೇಕು," ಎಂದಳು. ಆಮೇಲೂ ಗೋಡೆಯ ಕಡೆ ಕಿವಿಗೊಟ್ಟು ಒಂದು ಗಳಿಗೆ ಅಲ್ಲೇ ನಿಂತಿದ್ದಳು...