ಮಾಣಿಕಮ್ಮನ ಎದುರು ನೆಲದ ಮೇಲೆ ಕೂರುವ ಡಾಕ್ಟರು

ಭಾನುವಾರ. ಇನ್ನೂ ಪೂರ್ತಿ ಬೆಳಕಾಗಿಲ್ಲ. ನಾಲವಾರ ನಿಲ್ದಾಣದಲ್ಲಿ ಮೊದಲ ರೈಲಿನಿಂದ ಡಾ. ಸಂಗಮೇಶ್ವರ ಇಳಿಯುತ್ತಾರೆ. ವಾಡಿಯಲ್ಲಿ ಅವರದೊಂದು ಪುಟ್ಟ ದವಾಖಾನೆ. ಅಲ್ಲಿ ದಿನಕ್ಕೆ ಎಪ್ಪತ್ತು ಜನ, ಒಬ್ಬೊಬ್ಬರಿಗೆ ಮೂರು ನಿಮಿಷ ಸಿಕ್ಕರೆ ಪುಣ್ಯ. ಭಾನುವಾರ ಮಾತ್ರ ಐದೇ ಮನೆ. ಐದರಲ್ಲೂ ಮರೆವಿನ ಕಾಯಿಲೆಯ ಹಿರಿಯರು. ಅರವತ್ತೊಂದರ ಈ ಮನುಷ್ಯನಿಗೆ ಶಾಲು ಹೊದಿಸಬೇಕೆಂದು ಊರಿಗೆ ಇದುವರೆಗೆ ನೆನಪಾಗಿಲ್ಲ. ಊರಿನ ಮಾತು ಬಿಡಿ, ಅವರ ರೋಗಿಗಳಿಗೇ ಅವರ ನೆನಪಿಲ್ಲ.

ಮೊದಲ ಮನೆ ಮಾಣಿಕಮ್ಮನದು. ಡಾಕ್ಟರು ಚಪ್ಪಲಿ ಬಿಟ್ಟು ಆಕೆಯ ಎದುರು ನೆಲದ ಮೇಲೆ ಕೂರುತ್ತಾರೆ. ಸೊಸೆ ಸುಜಾತಾ ಚಹಾ ಇಟ್ಟು ಒಳಗೆ ಹೋಗುತ್ತಾಳೆ. ಚಹಾ ಮುಗಿಯುವವರೆಗೆ ಕಾಯಿಲೆಯ ಮಾತೆತ್ತುವಂತಿಲ್ಲ. ಇದು ಡಾಕ್ಟರು ತಮಗೆ ತಾವೇ ಹಾಕಿಕೊಂಡ ನಿಯಮ, ಅದೂ ಕೈ ಸುಟ್ಟುಕೊಂಡ ಮೇಲೆ.

ಎರಡು ವರ್ಷದ ಹಿಂದೆ ಇದೇ ಪಡಸಾಲೆಯಲ್ಲಿ, ಸೊಸೆ ಮತ್ತು ನೆರೆಯವರ ಎದುರೇ, ಅವರು ಆಕೆಯ ನೆನಪನ್ನು ಪರೀಕ್ಷಿಸಿದ್ದರು. ಇವತ್ತು ಯಾವ ವಾರ? ನೂರರಲ್ಲಿ ಏಳು ಕಳೆದರೆ ಎಷ್ಟು? ನಲವತ್ತು ವರ್ಷ ಓಣಿಯ ಬಾಣಂತಿಯರಿಗೆಲ್ಲ ಬುದ್ಧಿ ಹೇಳಿದ ಹೆಂಗಸಿಗೆ ಉತ್ತರ ಬರಲಿಲ್ಲ. ಸೆರಗು ಮುಖಕ್ಕೆಳೆದುಕೊಂಡು ಗೋಡೆಯ ಕಡೆ ತಿರುಗಿಬಿಟ್ಟಳು. ಅಂದಿನಿಂದ ನಾಡಿ ನೋಡಲು ಡಾಕ್ಟರಿಗೆ ಕೈ ಕೊಟ್ಟಿಲ್ಲ.

"ತಪ್ಪು ನಂದರಿ," ಎಂದು ನಿಲ್ದಾಣದಿಂದ ಬರುವ ದಾರಿಯಲ್ಲೇ ಡಾಕ್ಟರು ನನಗೆ ಹೇಳಿದ್ದರು. "ಅವ್ವ ನನ್ನ ಹೆಸರ ಮರ್ತಾಳ. ಮಂದಿ ಎದುರು ಮರ್ಯಾದಿ ಹೋಗಿದ್ದು ಮರ್ತಿಲ್ಲ. ನಾ ಹೊಸದಾಗಿ ಬಂದಾಗ ಮೊದಲ ರೊಟ್ಟಿ ತಿನ್ನಿಸಿ, ಆಮ್ಯಾಲ ಕೈ ಚಾಚ್ತಿದ್ಳು. 'ನಿನ್ನ ಎಲುಬು ಎಣಸೂ ಹಂಗ ಆಗ್ಯಾವ, ನನ್ನ ನಾಡಿ ಏನ್ ಎಣಸ್ತಿ' ಅಂತ ಬೈತಿದ್ಳು." ಆ ಬೈಗುಳಕ್ಕಾಗಿ ಅವರ ಜೀವ ಇವತ್ತಿಗೂ ಹಂಬಲಿಸುತ್ತದೆ.

ಚಹಾ ಮುಗಿಯುತ್ತದೆ. "ಅವ್ವಾ, ಕೈ ಹಿಡೀಲೇನ್ರಿ?"

"ನೀ ಯಾರಪ್ಪಾ?"

"ಸಂಗಮೇಶ್ವರ ರೀ, ಡಾಕ್ಟರ್."

"ಸುಳ್ಳ ಹೇಳಬ್ಯಾಡ. ನಮ್ಮ ಡಾಕ್ಟರ್ ಭಾಳ ತೆಳ್ಳಗ ಇದ್ದಾನ."

ಡಾಕ್ಟರು ವಾದಿಸುವುದಿಲ್ಲ, ಖಾಲಿ ಲೋಟ ಪಕ್ಕಕ್ಕಿಡುತ್ತಾರೆ. ಎರಡು ವರ್ಷದಲ್ಲಿ ಮೊದಲ ಸಲ ಮಾಣಿಕಮ್ಮ ತಾನಾಗಿ ಕೈ ಚಾಚುತ್ತಾಳೆ. "ನೋಡು. ಅವಾ ಎಲ್ಯರೆ ಸಿಕ್ರ ಹೇಳಪ್ಪಾ, ಅವ್ವ ಹಾದಿ ನೋಡಾಕತ್ತಾಳ ಅಂತ."

"ಹೇಳ್ತೀನವ್ವಾ." ನಾಡಿಯ ಎಣಿಕೆ ಎರಡು ಸಲ ತಪ್ಪುತ್ತದೆ.

ಹೊರಗೆ ಬಂದ ಮೇಲೆ ಕಣ್ಣೊರೆಸಿಕೊಳ್ಳುತ್ತಾರೆ. "ಗುರ್ತ ಹಿಡೀಲಿ ಅಂತ ಭಾಳ ಆಸೆ ಅದರಿ. ಹಿಡೀಲಿಲ್ಲಂದ್ರೂ, ಮುಂದಿನ ಐತಾರ ಮತ್ತ ಕೈ ಕೊಟ್ರ ಸಾಕು."