ಮಠದ ಅಕ್ಕಿ, ಬ್ಯಾಂಕಿನೋರ ದುಡ್ಡು

ಮೊನ್ನೆ ಮೈಸೂರಿನ ಒಂದು ದೊಡ್ಡ ಅಂಗಡಿಯಲ್ಲಿ ಕುಕ್ಕರ್ ಕೊಂಡು ಬಿಲ್ಲಿನ ಸಾಲಿನಲ್ಲಿ ನಿಂತಿದ್ದೆ. ನನ್ನ ಕ್ರೆಡಿಟ್ ಕಾರ್ಡನ್ನು ಯಂತ್ರಕ್ಕೆ ಸಿಕ್ಕಿಸುತ್ತಾ ಕೌಂಟರಿನ ಹುಡುಗಿ ಮಗ್ಗಿ ಒಪ್ಪಿಸುವಂತೆ ಕೇಳಿದಳು: “ಮೇಡಂ, ಮಕ್ಕಳ ಊಟಕ್ಕೆ ಇಪ್ಪತ್ತು ರೂಪಾಯಿ ಡೊನೇಶನ್ ಸೇರಿಸ್ಲಾ?” ಇಪ್ಪತ್ತು ರೂಪಾಯಿಗೆ ಯಾರು ತಾನೆ ಬೇಡ ಅನ್ನುತ್ತಾರೆ? ‘ಸೇರ್ಸಮ್ಮ’ ಅನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಪಕ್ಕದ ಸಾಲಿನಲ್ಲಿ ಯಾರೋ ಅಕ್ಕಿಯ ಚೀಲವನ್ನು ಧೊಪ್ಪನೆ ಇಟ್ಟರು. ಅಕ್ಕಿಯ ಆ ಬೆಚ್ಚನೆ ಧೂಳಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬಾಯಿಂದ ಬೇರೆಯೇ ಮಾತು ಬಂತು. “ಕಾರ್ಡಿಗೆ ಬೇಡ ಕಣಮ್ಮ. ಕ್ಯಾಷ್ ಕೊಡ್ತೀನಿ.”

“ಎರಡೂ ಒಂದೇ ಅಲ್ವಾ ಮೇಡಂ?” ಅಂದಳು ಹುಡುಗಿ.

ಒಂದೇ ಅಲ್ಲ. ಯಾಕೆ ಅಂತ ಅಲ್ಲೇ ಹೇಳಲು ಹೊರಟಿದ್ದರೆ ಹಿಂದೆ ನಿಂತವರು ನನ್ನ ಹೊಸ ಕುಕ್ಕರಿನಿಂದಲೇ ನನ್ನನ್ನು ಬಡಿಯುತ್ತಿದ್ದರು. ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ, ಕೇಳಿ.

ನಾನು ಮದುವೆಯಾಗಿ ನಂಜನಗೂಡಿಗೆ ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಮಾವ ಶಿವಮಲ್ಲಪ್ಪ ಮೇಷ್ಟ್ರು, ಪ್ರೈಮರಿ ಸ್ಕೂಲಿನಿಂದ ರಿಟೈರ್ ಆದವರು. ಅತ್ತೆ ಚೆನ್ನಾಜಮ್ಮ, ತಿ. ನರಸೀಪುರದಾಚೆಯ ಒಂದು ಹಳ್ಳಿಯವರು. ಅತ್ತೆ ನೋಡಲು ಕಡ್ಡಿ, ಗಂಟಲು ಮಾತ್ರ ಫ್ಯಾಕ್ಟರಿಯ ಸೈರನ್ನು. ಆ ಗಂಟಲಿಗೆ ಹೆದರಿ ನಮ್ಮ ಬೀದಿಯಲ್ಲಿ ಸೊಪ್ಪಿನವಳು ಕೂಡ ಮೊದಲ ಮಾತಿಗೇ ಸರಿಯಾದ ಬೆಲೆ ಹೇಳಿಬಿಡುತ್ತಿದ್ದಳು. ಸವೆದ ಸೋಪಿನ ಚೂರನ್ನು ಹೊಸ ಸೋಪಿಗೆ ಅಂಟಿಸುವುದು, ಒಂದು ಒಲೆಯ ಉರಿಯಿಂದ ಕಾಗದದ ಸುರುಳಿ ಹೊತ್ತಿಸಿ ಇನ್ನೊಂದು ಒಲೆ ಹಚ್ಚಿ ಬೆಂಕಿಕಡ್ಡಿ ಉಳಿಸುವುದು, ಎಲ್ಲ ಕಲೆಯಲ್ಲೂ ನಿಪುಣೆ. ಹೊಸ ಸೊಸೆಯಾದ ನಾನು ತವರಿಗೆ ಹೋದಾಗ ‘ನಮ್ಮತ್ತೆ ಎಂಜಲು ಕೈಯಲ್ಲಿ ಕಾಗೆ ಓಡಿಸೋಳಲ್ಲ’ ಎಂದು ನಗಾಡಿದ್ದೂ ಉಂಟು.

ಆದರೆ ಅದೇ ಅತ್ತೆ ಅನ್ನಕ್ಕೆ ಅಕ್ಕಿ ಅಳೆಯುವಾಗಲೆಲ್ಲ, ಅಳೆದದ್ದರಿಂದ ಒಂದು ಹಿಡಿ ತೆಗೆದು ಮೂಲೆಯ ಹಿತ್ತಾಳೆ ಡಬರಿಗೆ ಹಾಕುತ್ತಿದ್ದರು. ಅದು ಮಠದ ಅಕ್ಕಿ. ಅವರ ತವರೂರಿನ ಸಣ್ಣ ಮಠದವರು ತಿಂಗಳಿಗೊಮ್ಮೆ ಚೀಲ ಹಿಡಿದು ಬಂದು, ಡಬರಿಯಲ್ಲಿದ್ದಷ್ಟನ್ನೂ ಸುರಿಸಿಕೊಂಡು ಹೋಗುತ್ತಿದ್ದರು. ಬೆಂಕಿಕಡ್ಡಿ ಉಳಿಸುವ ಆ ಕೈ ಅಕ್ಕಿಗೆ ಬಂದಾಗ ಅದೆಷ್ಟು ಅಗಲ ಆಗುತ್ತಿತ್ತೋ, ಬೆರಳ ಸಂದಿಯಿಂದೆಲ್ಲ ಕಾಳು ಉದುರುವಷ್ಟು ತುಂಬಿ ಹಾಕುತ್ತಿದ್ದರು.

ಈ ಸಂಸಾರಕ್ಕೆ ಕ್ರೆಡಿಟ್ ಕಾರ್ಡ್ ತಂದವಳು ನಾನು. ಇಂಡಸ್ಟ್ರಿಯಲ್ ಏರಿಯಾದ ಒಂದು ಫ್ಯಾಕ್ಟರಿಯ ಆಫೀಸಿನಲ್ಲಿ ನನಗೆ ಕೆಲಸ. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ಟೈ ಕಟ್ಟಿದ ಹುಡುಗರು ಆಫೀಸಿಗೇ ಬಂದು ಕಾರ್ಡು ಹಂಚುತ್ತಿದ್ದರು. ಕಾರ್ಡಿನ ಜೊತೆ ಒಂದು ಕೈಚೀಲ ಪುಕ್ಕಟೆ. ನಿಜ ಹೇಳಬೇಕೆಂದರೆ ನಾನು ಸಹಿ ಹಾಕಿದ್ದು ಚೀಲಕ್ಕೆ. ಕಾರ್ಡು ಬಂದ ವಾರವೇ ಮೈಸೂರಿಗೆ ಹೋಗಿ ಅದನ್ನು ಉಜ್ಜಿಸಿ, ನೇರಳೆ ಬಣ್ಣದ ಒಂದು ಸೀರೆ ತಂದು ಅತ್ತೆಯ ಮುಂದೆ ಬಿಡಿಸಿದೆ.

“ಚೆಂದಾಗದೆ. ದುಡ್ಡ್ ಕೊಟ್ಯಾ?”

“ಈಗಲ್ಲ ಅತ್ತೆ. ಈಗ ಬ್ಯಾಂಕಿನೋರು ಕೊಡ್ತಾರೆ. ನಾವು ಮುಂದಿನ ತಿಂಗಳು ಕಟ್ಟಿದ್ರಾಯ್ತು.”

“ಅಂಗಾದ್ರೆ ಈಗ ಈ ಸೀರೆ ಯಾರ್ದು?”

ನಾನು ಬಿ.ಕಾಂ. ಓದಿದವಳು. ಆದರೂ ಯಾರ ಹೆಸರಿದೆ ಅಂತ ಬಿಲ್ಲನ್ನು ತಿರುಗಿಸಿ ನೋಡಿದೆ. ಅತ್ತೆ ಸೀರೆಯನ್ನು ಮಡಿಸಿ ಬೀರುವಿನಲ್ಲಿಟ್ಟರು. ಸೀರೆಯ ಬೆಲೆಯಷ್ಟು ದುಡ್ಡನ್ನು ನನ್ನ ಸಂಬಳದಿಂದ ಎಣಿಸಿಕೊಂಡು, ಬಟ್ಟೆಯ ತುಂಡಿನಲ್ಲಿ ಗಂಟು ಕಟ್ಟಿ, ಮಠದ ಡಬರಿಯ ಅಕ್ಕಿಯೊಳಗೆ ಹೂತಿಟ್ಟ ಮೇಲೆಯೇ ನನಗೆ ಅದನ್ನು ಉಡಲು ಅಪ್ಪಣೆಯಾದದ್ದು. ಅವತ್ತಿನಿಂದ ಅದೇ ಮನೆಯ ಕಾನೂನು. ಕಾರ್ಡು ಉಜ್ಜಿದ ದಿನವೇ ಅಷ್ಟು ನಗದು ಡಬರಿಗೆ ಬೀಳಬೇಕು. ಬಿಲ್ಲು ಬಂದಾಗ ಗಂಟು ಬಿಚ್ಚಿ ಪೂರ್ತಿ ಕಟ್ಟಬೇಕು. ಮಠದವರು ಬಂದ ದಿನ ಅತ್ತೆಯೇ ಗಂಟು ತೆಗೆದಿಟ್ಟು ಅಕ್ಕಿ ಸುರಿಯುತ್ತಿದ್ದರು. ಡಬರಿಗೆ ಹಾಕಲು ಇಲ್ಲದ ದಿನ ಕಾರ್ಡು ಮನೆಯಲ್ಲೇ ಇರಬೇಕು.

“ದುಡ್ಡು ಬ್ಯಾಂಕಿನಲ್ಲೇ ಇರಲಿ ಅತ್ತೆ, ಅಲ್ಲಿಂದಲೇ ಕಟ್ಟೋಣ” ಅಂದರೆ ಕೇಳಲಿಲ್ಲ. “ಅಲ್ಲಿದ್ರೆ ನಮ್ದು ಅನ್ನಿಸ್ತದೆ ಕಣವ್ವ. ಕೈ ಸುಮ್ನಿರಕಿಲ್ಲ. ಮಠದ್ ಅಕ್ಕಿನೂ ನಮ್ದಲ್ಲ, ಈ ದುಡ್ಡೂ ನಮ್ದಲ್ಲ. ನಮ್ದಲ್ಲದ್ದೆಲ್ಲ ಒಂದೇ ತಾವ್ ಇರ್ಲಿ.”

ಮೊದಲ ಬಿಲ್ಲು ಬಂದಾಗ ಅದನ್ನು ಓದಿ ಹೇಳಿದೆ. ಒಟ್ಟು ಇಷ್ಟು, ಆದರೆ ಕನಿಷ್ಠ ಇಷ್ಟು ಕಟ್ಟಿದರೂ ಸಾಕಂತೆ ಅಂದೆ. ಅತ್ತೆ ಹೂಕೋಸು ಬಿಡಿಸುತ್ತಿದ್ದವರು ತಲೆಯೆತ್ತಿ, “ಯಾರ್ಗೆ ಸಾಕು?” ಅಂದರು. ಆಮೇಲೆ ಆಫೀಸಿನಲ್ಲಿ ಆ ಕನಿಷ್ಠವನ್ನೇ ಕಟ್ಟುತ್ತಾ ಕಟ್ಟುತ್ತಾ ಬಡ್ಡಿಯಲ್ಲಿ ಮುಳುಗಿದವರನ್ನು ಕಂಡಾಗಲೆಲ್ಲ ನನಗೆ ಆ ಎರಡು ಮಾತು ನೆನಪಾಗುತ್ತಿತ್ತು.

ಹಾಗಂತ ಅತ್ತೆ ಹೇಳಿದ್ದೆಲ್ಲ ವೇದವಾಕ್ಯ ಅಂದುಕೊಳ್ಳಬೇಡಿ. ಅಮಾವಾಸ್ಯೆ ದಿನ ಕಾರ್ಡು ಉಜ್ಜಿದರೆ ಸಾಲ ತೀರುವುದಿಲ್ಲ ಅನ್ನುವುದೂ ಅವರದೇ ಸಿದ್ಧಾಂತ. ಒಂದು ಆಯುಧಪೂಜೆಗೆ ಹೊಲಿಗೆ ಯಂತ್ರ, ಈಳಿಗೆಮಣೆಯ ಜೊತೆ ನನ್ನ ಕಾರ್ಡನ್ನೂ ಇಟ್ಟು, ಹಿಂದುಮುಂದು ವಿಭೂತಿ ಕುಂಕುಮ ಬಳಿದರು. ಆಮೇಲೆ ಬ್ಯಾಂಕಿನಿಂದ ಹೊಸ ಕಾರ್ಡು ಬರುವವರೆಗೆ ಯಾವ ಅಂಗಡಿಯ ಯಂತ್ರವೂ ಅದನ್ನು ಓದಲೊಲ್ಲದು. “ಒಳ್ಳೇದಾಯ್ತು, ದೇವ್ರೇ ತಡ್ದ” ಅಂದರು.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಮಾವನಿಗೆ ಕಣ್ಣಿನ ಪೊರೆ ಬಲಿತು, ಮೈಸೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಬಸ್ಸಿನಲ್ಲಿ ಅಷ್ಟು ನಗದು ಹೊತ್ತುಕೊಂಡು ಹೋಗುವುದು ಬೇಡವೆಂದು ಕಾರ್ಡಿನಲ್ಲೇ ಕಟ್ಟಿದೆವು, ಹದಿನಾಲ್ಕು ಸಾವಿರ ಚಿಲ್ಲರೆ. ಅವತ್ತೇ ಅತ್ತೆ ತಮ್ಮ ಉಳಿತಾಯದ ಖಾತೆಯಿಂದ ಅಷ್ಟನ್ನೂ ತೆಗೆದರು. ಖಾತೆಯಲ್ಲಿ ಇದ್ದದ್ದೇ ಅಷ್ಟು. ತಮ್ಮ ಹಳೇ ಸೀರೆಯ ಕೆಂಪಂಚಿನ ತುಂಡಿನಲ್ಲಿ ಗಂಟು ಕಟ್ಟಿ ಡಬರಿಯ ತಳಕ್ಕೆ ತುರುಕಿದರು.

ಕೆಲವು ದಿನ ಕಳೆದು ನಾನು ಆಫೀಸಿನಿಂದ ಬಂದಾಗ ಅತ್ತೆ ಅಡುಗೆಮನೆಯಲ್ಲಿ ಡಬರಿ ಹಿಡಿದು ಕೂತಿದ್ದರು. ಡಬರಿಯಲ್ಲಿ ಒಂದು ಕಾಳೂ ಇರಲಿಲ್ಲ. ಅತ್ತೆ ಮಾರ್ಕೆಟ್ಟಿಗೆ ಹೋಗಿದ್ದಾಗ ಮಠದವರು ಬಂದಿದ್ದಾರೆ. ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು, ಅದು ಮಾಡಬೇಡಿ ಇದು ಮಾಡಬೇಡಿ ಅನ್ನಿಸಿಕೊಂಡು ಬೇಜಾರಾಗಿದ್ದ ಮಾವ, ಮನೆಗೆ ತನ್ನಿಂದಲೂ ಒಂದು ಕೆಲಸವಾಯಿತಲ್ಲ ಎಂಬ ಹುರುಪಿನಲ್ಲಿ, ತಳದ ಗಂಟಿನ ನೆನಪಿಲ್ಲದೆ, ಡಬರಿ ಎತ್ತಿ ಪೂರ್ತಿ ಸುರಿದುಕೊಟ್ಟಿದ್ದಾರೆ.

ವಿಷಯ ತಿಳಿದ ಮೇಲೆ ಮಾವ ಗೋಡೆ ಹಿಡಿದು ಕೂತುಬಿಟ್ಟರು. ಬಿಲ್ಲು ಕಟ್ಟಲು ಇನ್ನೊಂದು ವಾರವಿತ್ತು. ಖಾತೆ ಖಾಲಿ, ಪಿಂಚಣಿ, ಸಂಬಳ ಎಲ್ಲ ಮನೆ ಖರ್ಚಿಗೇ ಸಾಲದು. ನನ್ನ ಗಂಡ ‘ಅಮ್ಮ ಹೇಳಿದ ಹಾಗೆ ಮಾಡಿ’ ಅಂದು ರಾತ್ರಿಪಾಳಿಗೆ ಹೊರಟುಹೋದರು. ಈ ತಿಂಗಳು ಕನಿಷ್ಠ ಕಟ್ಟೋಣ ಅಂದವಳು ನಾನೇ. ಅತ್ತೆ ನನ್ನನ್ನು ನೋಡಿದ ನೋಟಕ್ಕೆ ಆ ಮಾತನ್ನು ಅಲ್ಲೇ ನುಂಗಿದೆ.

“ನಿನ್ನ ಸರ ಅಡವಿಟ್ಟರಾಯ್ತು. ಬೇಗ ಬಿಡಿಸಿಕೊಡ್ತೀನಿ” ಅಂದರು ಮಾವ ಅತ್ತೆಗೆ, ಮೆಲ್ಲಗೆ.

“ಯಾಕೆ? ದುಡ್ಡು ಎಲ್ಲದೆ ಅಂತ ಗೊತ್ತದಲ್ಲ. ಓಗಿ ಕೇಳ್ಕಂಡ್ ಬರನ.”

“ಮಠಕ್ಕೆ ಕೊಟ್ಟದ್ದನ್ನ ವಾಪಸ್ ಕೇಳೋದಾ?” ಮಾವ ಗೋಡೆ ಬಿಟ್ಟು ನೆಟ್ಟಗೆ ಕೂತರು. “ನಿಮ್ಮೂರಲ್ಲೇ ಹತ್ತು ವರ್ಷ ಮೇಷ್ಟ್ರಾಗಿದ್ದೋನು ನಾನು. ಅಲ್ಲಿ ಅರ್ಧ ಜನ ನನ್ನ ಹತ್ರ ಅಕ್ಷರ ಕಲ್ತೋರು. ಅವರೆದುರಿಗೆ ಸ್ವಾಮಿಗಳ ಮುಂದೆ ಕೈಯೊಡ್ಡೋದಕ್ಕಿಂತ ಕಪಿಲೆಗೆ ಬೀಳೋದು ವಾಸಿ!”

“ಬೀಳಿ. ಡಾಕ್ಟ್ರು ಕಣ್ಗೆ ನೀರು ಸೋಕಿಸ್ಬ್ಯಾಡಿ ಅಂದವ್ರೆ, ಅದೊಂದ್ ನೋಡ್ಕಳಿ.”

ನನಗೆ ನಗು ತಡೆಯಲಾಗದೆ ಹಿತ್ತಲಿಗೆ ಹೋದೆ. ಅಲ್ಲಿಗೂ ಅತ್ತೆಯ ಮಾತು ಕೇಳಿಸುತ್ತಿತ್ತು. “ನೀವು ದಾನ ಮಾಡಿದ್ದು ಯಾರ್ ದುಡ್ಡ? ನಿಮ್ ಕಣ್ಣಿಗೆ ಅಂತ ಬ್ಯಾಂಕಿನೋರು ಕೊಟ್ಟಿದ್ದು. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಅಂದಂಗಾಯ್ತು. ಇನ್ನೊಬ್ರದ್ನ ಎತ್ಕೊಟ್ಟು ಪುಣ್ಯ ಮಾತ್ರ ನಮಗ್ ಬರ್ಲಿ ಅಂದ್ರೆ ಶಿವ ಒಪ್ತಾನಾ?”

“ಹಾಗಾದ್ರೆ ನೀನ್ಯಾಕೆ ಮಠದ ಅಕ್ಕಿಯೊಳಗೆ ದುಡ್ಡಿಟ್ಟೆ?” ಅಂದರು ಮಾವ. ಉತ್ತರಕ್ಕೆ ಡಬರಿ ತಿಕ್ಕುವ ಸದ್ದು ಮಾತ್ರ ಬಂತು. ಆ ಮನೆಯಲ್ಲಿ ಅತ್ತೆಯ ಬಾಯಿ ಕಟ್ಟಿದ್ದು ಅದೊಂದೇ ಸಲ.

ಭಾನುವಾರ ಬೆಳಿಗ್ಗೆ ಅತ್ತೆ, ನಾನು ಇಬ್ಬರೇ ಹೊರಟೆವು. ಮಠಕ್ಕೆ ಬರಿಗೈಯಲ್ಲಿ ಹೋಗಬಾರದೆಂದು ಅತ್ತೆ ಒಂದು ಚಿಪ್ಪು ರಸಬಾಳೆ ಕೊಂಡರು. ದುಡ್ಡು ವಾಪಸ್ ಕೇಳಲು ಹಣ್ಣು ಹಿಡಿದು ಹೋಗುವವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ನರಸೀಪುರದ ಬಸ್ಸು ಇನ್ನೇನು ಹೊರಡಬೇಕು, ಕಪ್ಪು ಕನ್ನಡಕದ ಮಾವ ಬಸ್ ಸ್ಟ್ಯಾಂಡಿನಲ್ಲಿ ತಡವರಿಸುತ್ತಾ ಬಂದು ಹತ್ತಿದರು. ನಮ್ಮ ಕಡೆ ನೋಡದೆ ಮುಂದಿನ ಸೀಟಿನಲ್ಲಿ ಕೂತರು. ಅತ್ತೆ ಕಂಡಕ್ಟರಿಗೆ ಮೂರು ಟಿಕೆಟಿನ ದುಡ್ಡು ಕೊಟ್ಟರು, ಅಷ್ಟೆ. ನರಸೀಪುರದಲ್ಲಿ ಇಳಿದು ಹಳ್ಳಿಯ ಬಸ್ಸು ಹಿಡಿದೆವು.

ಮಠದ ಜಗಲಿಯಲ್ಲಿ ವಯಸ್ಸಾದ ಸ್ವಾಮಿಗಳು ಮಣೆ ಹಾಕಿಕೊಂಡು ಕೂತಿದ್ದರು. ಸುತ್ತ ಊರಿನ ನಾಲ್ಕಾರು ಜನ. “ಮೇಷ್ಟ್ರು ಬಂದ್ರು, ಮೇಷ್ಟ್ರು ಬಂದ್ರು” ಅಂತ ಎದ್ದು ನಿಂತರು. ಅತ್ತೆ ಸೆರಗು ಸರಿಮಾಡಿಕೊಂಡು ಬಾಯಿ ತೆರೆಯುವಷ್ಟರಲ್ಲಿ ಮಾವ ಮುಂದೆ ಹೋಗಿ ಅಡ್ಡಬೀಳಲು ಬಗ್ಗಿದರು. ಅತ್ತೆ ಹಿಂದಿನಿಂದ ಅವರ ಅಂಗಿ ಹಿಡಿದೆಳೆದು, “ಬಗ್ಗಬ್ಯಾಡಿ ಅಂದಿಲ್ವಾ ಡಾಕ್ಟ್ರು!” ಅಂದರು. ಮಾವ ನಿಂತುಕೊಂಡೇ ಕೈಮುಗಿದರು.

“ಬುದ್ಧಿ, ನಾನು ಸಾಲದ ದುಡ್ಡನ್ನ ದಾನ ಮಾಡಿಬಿಟ್ಟೆ. ಗೊತ್ತಿಲ್ಲದೆ ಆಯ್ತು. ಅದು ನಮ್ಮದಲ್ಲ. ದಯಮಾಡಿ ವಾಪಸ್ ಕೊಡಬೇಕು.”

ಅಷ್ಟೂ ಜನರೆದುರು, ಪಾಠ ಹೇಳುವಾಗಿನಂತೆ ಸ್ಪಷ್ಟವಾಗಿ ಹೇಳಿದರು. ಅತ್ತೆ ಅವರ ಅಂಗಿಯನ್ನು ಇನ್ನೂ ಬಿಟ್ಟಿರಲಿಲ್ಲ.

“ಕೆಂಪಂಚಿನ ಗಂಟಾ ಮೇಷ್ಟ್ರೇ?” ಅಂದರು ಸ್ವಾಮಿಗಳು. “ಅಕ್ಕಿ ಜರಡಿ ಹಿಡಿವಾಗ ಸಿಕ್ತು. ಯಾರ್ ಮನೇದು ಅಂತ ತಿಳೀನಿಲ್ಲ. ಕೇಳ್ಕಂಡ್ ಬತ್ತಾರೆ ಅಂತ ಮಡಗಿದ್ದೋ.” ಒಳಗಿನಿಂದ ಗಂಟು ಬಂತು. ಬಿಚ್ಚಿದ ಗುರುತೂ ಇರಲಿಲ್ಲ. ಸ್ವಾಮಿಗಳು ಅದನ್ನು ಅತ್ತೆಯ ಕೈಗಿಡುತ್ತಾ ತಮಾಷೆಗೆ ಕೇಳಿದರು, “ಅಕ್ಕಿನೂ ವಾಪಸ್ ಬೇಕೇನವ್ವ?”

“ಬ್ಯಾಡಿ ಬುದ್ಧಿ. ಅದು ನಮ್ ಅನ್ನದಾಗೆ ತಗ್ದಿದ್ದು, ಅದು ನಿಮ್ದೇ. ಇದು ಬ್ಯಾಂಕಿನೋರ್ದು.”

ಸ್ವಾಮಿಗಳು ಮೈ ಕುಲುಕಿಸಿ ನಕ್ಕರು. ಊಟ ಮಾಡಿಕೊಂಡೇ ಹೋಗಬೇಕೆಂದರು. ಎರಡು ದಿನದಿಂದ ಸರಿಯಾಗಿ ಉಣ್ಣದ ಮಾವ ಮಠದ ಅನ್ನ ಸಾರನ್ನು ಎರಡೆರಡು ಸಲ ಹಾಕಿಸಿಕೊಂಡರು. ಆ ಊರಲ್ಲಿ ಅವರ ಮರ್ಯಾದೆ ಹೋಯಿತೇ? ಅಲ್ಲಿ ಕೂತಿದ್ದ ಅವರ ಹಳೇ ಶಿಷ್ಯರಲ್ಲೊಬ್ಬ ನಮ್ಮನ್ನು ಬಸ್ಸಿನ ತನಕ ಬಂದು ಹತ್ತಿಸಿ, ಸೀಟು ಹಿಡಿದುಕೊಟ್ಟು ಹೋದ.

ಹಿಂತಿರುಗುವಾಗ ಮಾವ ಅತ್ತೆಯ ಪಕ್ಕದಲ್ಲೇ ಕೂತರು. ನದಿಯ ಸೇತುವೆ ದಾಟುವಾಗ ಕನ್ನಡಕ ಸ್ವಲ್ಪ ಎತ್ತಿ, ಹೆಂಡತಿಯನ್ನು ಸುಮಾರು ಹೊತ್ತು ನೋಡಿದರು. “ಚೆನ್ನಾಜಿ, ನಿನ್ನ ತಲೆ ಇಷ್ಟು ಬೆಳ್ಳಗಾಗಿದೆಯಾ? ನನಗೆ ಗೊತ್ತೇ ಇರಲಿಲ್ಲ.”

“ಗೊತ್ತಾಗ್ಲಿ ಅಂತ್ಲೇ ಅಲ್ವಾ ಅಷ್ಟು ದುಡ್ಡು ಸುರ್ದಿದ್ದು. ಕನ್ನಡ್ಕ ಆಕ್ಕಳಿ, ಗಾಳಿ ಬೀಸ್ತದೆ” ಅಂದರು ಅತ್ತೆ. ಅವರ ಮಡಿಲಲ್ಲಿದ್ದ ಗಂಟಿನ ಮೇಲೆ ಮಾವನ ಕೈಯೂ ಇತ್ತು.

ಮಾರನೆ ದಿನ ಬಿಲ್ಲು ಪೂರ್ತಿ ಕಟ್ಟಿದೆ. ಅಂದಿನಿಂದ ಬ್ಯಾಂಕಿನೋರ ದುಡ್ಡು ತೊಗರಿಬೇಳೆ ಡಬ್ಬಕ್ಕೆ ವರ್ಗವಾಯಿತು. ಬೇಳೆಯ ರೇಟಿಗೆ ಅದನ್ನು ಯಾರೂ ದಾನ ಕೇಳುವುದಿಲ್ಲ ಎಂಬುದು ಅತ್ತೆಯ ಲೆಕ್ಕ.

ಅತ್ತೆ, ಮಾವ ಇಬ್ಬರೂ ಈಗಿಲ್ಲ. ಕಾರ್ಡುಗಳು ಎಷ್ಟೋ ಬದಲಾದವು. ಒಂದು ದಿನವೂ ಬಡ್ಡಿ ಕಟ್ಟಿಲ್ಲ ಎಂದು ನಾನು ಜಂಬ ಕೊಚ್ಚಿಕೊಳ್ಳುವುದುಂಟು, ಆದರೆ ಆ ಜಂಬದ ಯಜಮಾನಿಕೆ ಯಾರದೆಂದು ನಿಮಗೀಗ ಗೊತ್ತಾಯಿತಲ್ಲ.

ಇತ್ತ ಅಂಗಡಿಯಲ್ಲಿ ಕ್ಯಾಷ್ ಕೊಡುತ್ತೇನೆಂದು ಗತ್ತಿನಿಂದ ಪರ್ಸು ತೆರೆದರೆ ಒಂದು ರೂಪಾಯಿಯೂ ಇಲ್ಲ. ಈಗ ನಗದು ಇಟ್ಟುಕೊಳ್ಳುವವರು ಯಾರು? ಹಿಂದಿದ್ದವರೊಬ್ಬರು ತಾಳ್ಮೆಗೆಟ್ಟು, “ಇಪ್ಪತ್ತು ನಾನು ಕೊಡ್ತೀನಿ ಬಿಡಿ ಮೇಡಂ” ಅಂದರು. “ಬೇಡ ಸಾರ್, ಅದೂ ಸಾಲವೇ ಆಗುತ್ತೆ” ಅಂದೆ. ಅವರು ನನ್ನನ್ನು ಒಂಥರಾ ನೋಡಿದರು. ಕುಕ್ಕರನ್ನು ಅಲ್ಲೇ ಬಿಟ್ಟು, ರಸ್ತೆಯಾಚೆಯ ಎಟಿಎಮ್ಮಿಗೆ ಹೋಗಿ ನನ್ನ ಸ್ವಂತ ಖಾತೆಯಿಂದ ದುಡ್ಡು ತೆಗೆದೆ. ಬಂದದ್ದು ಐನೂರರ ನೋಟು. ಹುಡುಗಿಯ ಹತ್ತಿರ ಚಿಲ್ಲರೆಯಿಲ್ಲ.

ನೋಟು ಹಿಡಿದು ಒಂದು ಗಳಿಗೆ ನಿಂತೆ. ಕಾರ್ಡಿನಲ್ಲಾಗಿದ್ದರೆ ಇಪ್ಪತ್ತು ಹೋದದ್ದೇ ಗೊತ್ತಾಗುತ್ತಿರಲಿಲ್ಲ. ಈ ನೋಟು ಕೈಬಿಡುವಾಗ ಗೊತ್ತಾಗುತ್ತಿತ್ತು. ಬೆರಳ ಸಂದಿಯಿಂದ ಕಾಳುದುರುತ್ತಿದ್ದ ಆ ಹಿಡಿ ಕಣ್ಣಮುಂದೆ ಬಂತು. “ಅಷ್ಟೂ ಮಕ್ಕಳ ಊಟಕ್ಕೆ ಹಾಕ್ಕೊಳಮ್ಮ” ಅಂದೆ.

ಕುಕ್ಕರ್ ಹೊತ್ತುಕೊಂಡು ಬಸ್ ಸ್ಟಾಪಿನ ಕಡೆ ನಡೆಯುವಾಗ ದಾರಿಯುದ್ದಕ್ಕೂ ಅತ್ತೆಯ ಗಂಟಲು ಕಿವಿಯಲ್ಲೇ ಇತ್ತು. ‘ಐನೂರಾ!’ ಎಂದು ಮೊದಲು ಎದೆ ಹಿಡಿದುಕೊಂಡು ಕೂಗುತ್ತಿದ್ದರು. ಆಮೇಲೆ ಕೇಳುತ್ತಿದ್ದರು, “ನಿನ್ ದುಡ್ಡೇ ತಾನೆ? ಅಂಗಾದ್ರೆ ಸರಿ ಬುಡು.”