ಲಮಾರಾಳಿಗೆ ತಣ್ಣನೆಯ ಚಹಾ

ಹೆಸರು ಅಂಜೋರ್ ಎಂದಿದ್ದರೂ ಆಸಾಮಿ ಯಾರಿಗೂ ಅಂಜಿದವನಲ್ಲ. ಅಲಾಜಾನಿ ಕಣಿವೆಯಲ್ಲಿ ನುಗ್ಝಾರ್ ನಡೆಸುವ ವೈನ್ ಮನೆಯಲ್ಲಿ ಅವನು ತಮಾದಾ, ಅಂದರೆ ಔತಣದ ಯಜಮಾನ. ಯಾರ ಹೆಸರಿನಲ್ಲಿ ಕುಡಿಯಬೇಕು, ಕುಡಿಯುವ ಮುಂಚೆ ಎಷ್ಟು ಹೊತ್ತು ಬಾಯಾರಿ ಕೂರಬೇಕು ಎಂದು ತೀರ್ಮಾನಿಸುವವನು ಅವನೇ. ಅವನು ಎದ್ದು ನಿಂತು ಹಾರೈಸುವ ತನಕ ಮೇಜಿನಲ್ಲಿ ಯಾರೂ ತುಟಿ ಒದ್ದೆ ಮಾಡಿಕೊಳ್ಳುವಂತಿಲ್ಲ. ಹಾರೈಸಿದ ಮೇಲೆ, ಬಟ್ಟಲಿನ ಬುಡ ಕಾಣುವ ತನಕ ಅವನು ನಿಲ್ಲಿಸುವಂತಿಲ್ಲ.

ಪ್ರಾಯದಲ್ಲಿ ಅವನು ಟ್ರ್ಯಾಕ್ಟರ್ ಓಡಿಸುತ್ತಿದ್ದ. ಸರ್ಕಾರದ ತೋಟಗಳು ಚೂರಾಗಿ ಹಂಚಿಹೋದಾಗ ಟ್ರ್ಯಾಕ್ಟರೂ ಯಾರದೋ ಪಾಲಾಯಿತು. ಇವನ ಪಾಲಿಗೆ ಗಂಟಲೊಂದೇ ಉಳಿಯಿತು. ಆ ಗಂಟಲಿನಿಂದ ಹೊರಗೆ ಬಂದ ಮಾತು ಸಂಸಾರ ನಡೆಸಿತು, ಒಳಗೆ ಹೋದ ವೈನು ಈಲಿಯನ್ನು ಕೆಡಿಸಿತು. ಹೋದ ವರ್ಷ ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಹೆಂಡತಿ ಲಮಾರಾ ತೀರಿಕೊಂಡಳು. ವಸಂತದಲ್ಲಿ ತೆಲಾವಿ ಪಟ್ಟಣದ ಡಾಕ್ಟರಮ್ಮ ಅವನ ಹೊಟ್ಟೆ ಒತ್ತಿ ನೋಡಿ, "ಇನ್ನು ಒಂದು ತೊಟ್ಟೂ ಬೇಡ. ಕುಡಿದ್ರೆ ಮುಂದಿನ ಬಟ್ಟಲನ್ನ ಬೇರೆಯವರು ನಿಮ್ಮ ಹೆಸರಲ್ಲಿ ಕುಡೀಬೇಕಾಗತ್ತೆ" ಎಂದರು.

ಕುಡಿಯದ ತಮಾದಾ ಎಂದರೆ ನೀರಿಗಿಳಿಯದ ಅಂಬಿಗ. ಮೇಜಿನ ತಲೆಯ ಕುರ್ಚಿ ಬಿಟ್ಟರೆ ಅವನಿಗೆ ಹೋಗಲು ಉಳಿದದ್ದು ಮನೆ ಮಾತ್ರ. ಆ ಮನೆಯಲ್ಲಿ ಲಮಾರಾ ಇಲ್ಲ, ಅವಳ ಬೈಗುಳವೂ ಇಲ್ಲ. ಆ ಮೌನವನ್ನು ನೆನೆದಾಗ ಮಾತ್ರ ಅಂಜೋರ್ ಅಂಜಿದ.

ದಾರಿ ತೋರಿಸಿದವಳು ಲಮಾರಾಳ ತಂಗಿ ಎತೇರಿ. ವೈನ್ ಮನೆಯ ಅಡುಗೆ ಅವಳದೇ, ಹೂಜಿ ತುಂಬುವುದೂ ಅವಳೇ.

"ಭಾವ, ನಮ್ಮ ಬಿಳಿ ವೈನಿನ ಬಣ್ಣ ಯಾವ್ದು?"

"ಹೆಸರಿಗೆ ಬಿಳಿ. ಸಿಪ್ಪೆ ಬೀಜ ಎಲ್ಲ ಸೇರಿಸಿ ಗುಡಾಣಕ್ಕೆ ತುಂಬಿ ನೆಲದಲ್ಲಿ ಹೂತಿಡ್ತೀವಲ್ಲ, ಚಹಾದ ಬಣ್ಣಕ್ಕೆ ಬಂದಿರತ್ತೆ."

"ಮತ್ತೆ ಚಹಾದ ಬಣ್ಣ?"

ಅಂಜೋರ್ ಅವಳ ಮುಖವನ್ನೇ ನೋಡಿದ. "ನಿಮ್ಮಕ್ಕ ಇಷ್ಟು ಕಿಲಾಡಿ ಇರ್ಲಿಲ್ಲ."

"ಇದ್ಲು. ನೀವು ಕುಡಿದಿರ್ತಿದ್ರಿ, ಗೊತ್ತಾಗ್ತಿರ್ಲಿಲ್ಲ."

ಅಲ್ಲಿಂದ ಅವನ ಪಕ್ಕಕ್ಕೊಂದು ಬೇರೆ ಹೂಜಿ ಬಂತು. ಬಿಳಿಯ ಸರದಿಯಲ್ಲಿ ಅದರಲ್ಲಿ ಆರಿದ ಚಹಾ, ಕೆಂಪಿನ ಸರದಿಯಲ್ಲಿ ದಾಳಿಂಬೆ ರಸ. ಬಸ್ಸಿನಲ್ಲಿ ಬಂದಿಳಿಯುವ ಅತಿಥಿಗಳಿಗೆ ಅವನು ಎಂದಿನಂತೆ ಪಾಠ ಒಪ್ಪಿಸುತ್ತಿದ್ದ. ಹೆಸರು ಹೇಳುವಾಗಲೇ ಗಂಟಲಿಗೆ ಮುಳ್ಳು ಸಿಕ್ಕಿಕೊಳ್ಳುವ ರ್ಕತ್ಸಿತೇಲಿ ವೈನು ಸ್ವಲ್ಪ ಒಗರು, ಅಕ್ರೋಟಿನ ಗಸಿಯಲ್ಲಿ ಮುಳುಗಿದ ಕೋಳಿಯ ಜಿಡ್ಡನ್ನು ಕತ್ತರಿಸಲು ಅದೇ ಬೇಕು. ಕಿಸಿ ಎಂಬ ದ್ರಾಕ್ಷಿಯದು ಮೃದು ಸ್ವಭಾವ, ಹೊಳೆಮೀನಿಗೂ ಉಪ್ಪು ಗಿಣ್ಣಿಗೂ ಒಗ್ಗುತ್ತದೆ. ಕುಡಿದವರು ಕಾರಣವಿಲ್ಲದೆ ಹಲ್ಲು ಕಿಸಿಯುತ್ತಾರೆ. ಆ ಹಲ್ಲನ್ನು ಕಪ್ಪು ಮಾಡಿ ಕಳಿಸುವುದು ಸಪೆರಾವಿ ಎಂಬ ಕೆಂಪು ದ್ರಾಕ್ಷಿಯ ಕೆಲಸ. ಅದರ ತಿರುಳೂ ಕೆಂಪು, ಬಳ್ಳಿಯ ಕಡ್ಡಿ ಉರಿಸಿದ ಕೆಂಡದ ಮೇಲೆ ಸುಟ್ಟ ಮಾಂಸ ಬಿಟ್ಟು ಬೇರೆ ಯಾವುದನ್ನೂ ಅದು ಲೆಕ್ಕಕ್ಕಿಡುವುದಿಲ್ಲ.

ಬಳ್ಳಿಯ ಕುಡಿಯಿಂದ ಬಟ್ಟಲಿನ ಕುಡಿತದವರೆಗೆ ಎಲ್ಲ ಬಾಯಿಪಾಠ. ಆದರೆ ಮಾತಿನ ಕಸುವು ಹೋಗಿತ್ತು. ತಾಯ್ನಾಡಿನ ಹಾರೈಕೆ ಹಿಂದೆಲ್ಲ ಹಿಮಬೆಟ್ಟ ಹತ್ತಿ, ಶತ್ರುಗಳನ್ನು ಓಡಿಸಿ, ದ್ರಾಕ್ಷಿ ತೋಟದಲ್ಲಿ ಅತ್ತು ಬರುತ್ತಿತ್ತು. ಚಹಾ ಕುಡಿಯಲು ಹತ್ತಿದ ಮೇಲೆ ಅದು ರೇಡಿಯೋದ ಹವಾಮಾನ ವರದಿಯಷ್ಟಾಯಿತು. ಬೇಸಿಗೆಯೆಲ್ಲ ಹಾಗೇ ಕಳೆಯಿತು. ಪೂರ್ತಿ ಎಚ್ಚರದಲ್ಲಿ ಕೇಳಿದಾಗ ತನ್ನ ಮಾತು ತನಗೇ ಇಷ್ಟು ಆಯಾಸ ತರುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ, ತೀರಿಕೊಂಡವರ ಹೆಸರಿನ ಬಟ್ಟಲು ಬಂತು. ಆ ಹಾರೈಕೆಗೆ ಮೊದಲು ರೊಟ್ಟಿಯ ತುಂಡಿನ ಮೇಲೆ ನಾಲ್ಕು ಹನಿ ಬಿಡಬೇಕು. ಅದು ಸತ್ತವರ ಪಾಲು. ಅದೇ ಬಟ್ಟಲಲ್ಲಿ ಉಳಿದದ್ದನ್ನು ಬದುಕಿರುವವರು ಬುಡದವರೆಗೆ ಕುಡಿಯಬೇಕು. ಅಂಜೋರ್ ಅಪ್ಪನ ಹೆಸರೆತ್ತಿದ, ಅಮ್ಮನ ಹೆಸರೆತ್ತಿದ, "ನನ್ನ ಲಮಾರಾ" ಎಂದು ಬಟ್ಟಲು ಬಾಗಿಸಿದ. ಹನಿಗಳು ರೊಟ್ಟಿಗೆ ಇಳಿದವು. ಕೈ ಅಲ್ಲೇ ನಿಂತಿತು.

ಚಹಾ. ವಸಂತದಿಂದ ಇಲ್ಲಿಯವರೆಗೆ ಸತ್ತ ಹೆಂಡತಿಗೆ ಅವನು ತಣ್ಣನೆಯ ಚಹಾ ಕುಡಿಸಿದ್ದ. ಅದೂ ಲಮಾರಾಳಿಗೆ! ಚಹಾವನ್ನು ಅವಳು ಜ್ವರದವರ ನೀರು ಎನ್ನುತ್ತಿದ್ದಳು. ಅತಿಥಿಗಳು ಅವನ ಒದ್ದೆ ಕಣ್ಣು ನೋಡಿ ಗೌರವದಿಂದ ತಲೆ ತಗ್ಗಿಸಿದರು. ಅವನು ಉಳಿದ ಚಹಾ ಕುಡಿದು ಕೂತ.

ಲಮಾರಾಳ ವರ್ಷದ ಊಟ ಹತ್ತಿರ ಬಂದಿತ್ತು. ವೈನ್ ಮನೆಯಲ್ಲೇ ಮಾಡೋಣ ಎಂದು ನುಗ್ಝಾರ್ ಹೇಳಿದ್ದ. ಊಟದ ದಿನ ಬೆಳಿಗ್ಗೆ ಅಂಜೋರ್ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ.

"ಎತೇರಿ, ಇವತ್ತು ನನ್ನ ಹೂಜಿಗೆ ಕಿಸಿ ತುಂಬು. ಅವಳಿಗೆ ಅದೇ ಇಷ್ಟ."

"ಅಕ್ಕನ ವರ್ಷದೂಟಕ್ಕೆ ಅಕ್ರೋಟು ಅರೆದೂ ಅರೆದೂ ನನ್ನ ತೋಳು ಬಿದ್ದುಹೋಗಿದೆ. ನಿಮ್ಮದಕ್ಕೂ ಈಗ್ಲೇ ಅರೆದಿಟ್ಬಿಡ್ಲಾ?"

"ಒಂದೇ ಬಟ್ಟಲು ಕಣೆ."

"ಆ ಒಂದೇ ಬಟ್ಟಲನ್ನ ನಲವತ್ತು ವರ್ಷದಿಂದ ಕುಡೀತಿದ್ದೀರಿ."

"ಅವಳ ಜನರ ಎದುರಿಗೇ ಅವಳಿಗೆ ಚಹಾ ಹಾಕ್ಲಾ?"

ಎತೇರಿ ಒರಳುಕಲ್ಲಿನಿಂದ ಕೈ ತೆಗೆದಳು. "ಹಾಗಾದ್ರೆ ಬೇರೆ ಯಾರಾದ್ರೂ ತಮಾದಾ ಆಗ್ಲಿ."

"ನಾನು ಕೆಳಗೆ ಕೂತ್ರೆ ಮತ್ತೆ ಮೇಲೆ ಕೂರಿಸ್ತಾರಾ?"

ಹೆಂಡತಿಯ ಹೆಸರಿನ ಬಟ್ಟಲನ್ನು ಬಿಟ್ಟುಕೊಟ್ಟವನಿಗೆ ಮುಂದೆ ಯಾರ ಹೆಸರಿನ ಬಟ್ಟಲನ್ನೂ ಯಾರೂ ಒಪ್ಪಿಸುವುದಿಲ್ಲ. ಇಬ್ಬರಿಗೂ ಅದು ಗೊತ್ತು. ಅವಳು ಹೂಜಿಗೆ ಚಹಾವನ್ನೇ ತುಂಬಿ ಅವನ ಜಾಗದಲ್ಲಿಟ್ಟು ಬಂದಳು.

ನಂಟರೆಲ್ಲ ಬಂದರು. ಅಂಜೋರ್ ಮೇಜಿನ ತಲೆಯಲ್ಲಿ ಎದ್ದು ನಿಂತ. ರೊಟ್ಟಿ ಮುರಿದು ತಟ್ಟೆಯಲ್ಲಿಟ್ಟ, ಬಟ್ಟಲೆತ್ತಿದ, "ಲಮಾರಾ" ಎಂದ. ಬಟ್ಟಲು ಬಾಗಿಸಲು ಆಗಲಿಲ್ಲ. ಅದನ್ನು ಹಾಗೇ ಕೆಳಗಿಟ್ಟ.

"ಇದು ಚಹಾ" ಎಂದ. "ವಸಂತದಿಂದ ಚಹಾನೇ ಕುಡೀತಿದ್ದೀನಿ. ಅವಳಿಗೂ ಅದನ್ನೇ ಹಾಕ್ದೆ."

ನುಗ್ಝಾರ್ ಮೀಸೆ ತಿಕ್ಕಿಕೊಂಡ. "ಗೊತ್ತು ಮಾಮ. ಚಹಾಪುಡಿ ತರೋನು ನಾನೇ ಅಲ್ವಾ? ಬಸ್ಸಿನವರಿಗೆ ಏನು ತಿಳಿಯತ್ತೆ ಬಿಡಿ."

"ಅವಳಿಗೆ ತಿಳಿಯತ್ತೆ" ಎಂದ ಅಂಜೋರ್. ಅಡುಗೆಮನೆಯ ಬಾಗಿಲ ಕಡೆ ತಿರುಗಿ ಗಟ್ಟಿಯಾಗಿ ಕೂಗಿದ. "ಈ ಬಟ್ಟಲು ಎತೇರಿಗೆ!"

ಎತೇರಿ ಬಿಸಿ ಪಾತ್ರೆಯ ಬಟ್ಟೆ ಹಿಡಿದುಕೊಂಡೇ ಬಂದಳು. "ನಂಗಾ? ನಿಮಗೆ ತಲೆ ಕೆಟ್ಟಿದ್ಯಾ ಭಾವ? ನಂಗೆ ಮಾತಾಡೋಕೆ ಬರಲ್ಲ."

"ಬೈಯೋಕೆ ಬರತ್ತಲ್ಲ, ಅಷ್ಟು ಸಾಕು."

ಒಬ್ಬ ಮುದುಕ ಕೆಮ್ಮಿದ. ಹೆಂಗಸು ಈ ಬಟ್ಟಲು ಎತ್ತಿದ್ದನ್ನು ಆ ಮೇಜು ಕಂಡಿರಲಿಲ್ಲ. ಎತೇರಿ ಅವನತ್ತ ಒಮ್ಮೆ ನೋಡಿದಳು, ಕೆಮ್ಮು ನಿಂತಿತು. ಬೇರೆ ಬಟ್ಟಲಿಗೆ ಕಿಸಿ ಬಗ್ಗಿಸಿಕೊಂಡು ರೊಟ್ಟಿಯ ಮುಂದೆ ನಿಂತಳು.

"ಅಕ್ಕ, ನಿನ್ನ ಗಂಡ ಬದುಕಿದ್ದಾನೆ. ನನ್ನಿಂದ ಆದದ್ದು ಅಷ್ಟೇ. ಚಹಾದ ತಪ್ಪು ನಂದು, ಬೈಯೋದಿದ್ರೆ ನನ್ನ ಬೈಯಿ. ಅವನನ್ನ ಈಗ್ಲೇ ಕರ್ಕೋಬೇಡ, ಸೌದೆ ಒಡೆಯೋರು ಯಾರೂ ಇಲ್ಲ."

ಹನಿಗಳು ರೊಟ್ಟಿಗಿಳಿದವು. ಉಳಿದದ್ದನ್ನು ಅವಳು ಬುಡದವರೆಗೆ ಕುಡಿದು ಬಟ್ಟಲನ್ನು ಮಗುಚಿ ತೋರಿಸಿದಳು. ಯಾರೋ ನಕ್ಕರು, ಯಾರೋ ಮೂಗು ಒರೆಸಿಕೊಂಡರು, ಎಲ್ಲರೂ ಕುಡಿದರು. ನಂತರ ನುಗ್ಝಾರ್ ಅಂಜೋರನತ್ತ ನೋಡಿದ. ಅಂಜೋರ್ ಮೇಜಿನ ತಲೆಯ ಕುರ್ಚಿಯನ್ನು ಹಿಂದಕ್ಕೆ ಸರಿಸಿ ಎತೇರಿಯ ಕಡೆ ಕೈ ತೋರಿಸಿದ.

"ಅಯ್ಯೋ, ಒಲೆ ಮೇಲೆ ಹುರುಳಿಕಾಯಿ ಇದೆ" ಎಂದಳು ಎತೇರಿ. ಆದರೆ ಕೂತಳು.

ಅಂಜೋರ್ ತನ್ನ ಚಹಾದ ಬಟ್ಟಲು ಎತ್ತಿಕೊಂಡು ಕಾಲೆಳೆಯುತ್ತ ಮೇಜಿನ ಕೊನೆಗೆ ಹೋಗಿ, ಮಕ್ಕಳಿಗೂ ಕಿವಿ ಕೇಳದ ದೊಡ್ಡಮ್ಮನಿಗೂ ನಡುವೆ ಕೂತ. ಯಾರೋ ಅವನ ತಟ್ಟೆಗೆ ಉಪ್ಪು ನೀರಿನಲ್ಲಿ ಬೇಯಿಸಿದ ಮಾಂಸ ಹಾಕಿದರು. ಅದರಿಂದ ಹಬೆ ಏಳುತ್ತಿತ್ತು. ತಮಾದಾನ ಮಾತು ಮುಗಿಯುವಷ್ಟರಲ್ಲಿ ಅವನ ತಟ್ಟೆಯದು ಯಾವಾಗಲೂ ಆರಿ ಹೆಪ್ಪುಗಟ್ಟಿರುತ್ತಿತ್ತು. ಬಿಸಿ ಮಾಂಸವನ್ನು ಮೇಜಿನಲ್ಲಿ ಕೂತು ತಿಂದ ನೆನಪೇ ಅವನಿಗಿರಲಿಲ್ಲ. ಒಂದು ತುಂಡು ಬಾಯಿಗಿಟ್ಟ, ನಾಲಿಗೆ ಸುಟ್ಟಿತು. ಚಹಾ ಒಂದು ಗುಟುಕು ಕುಡಿದು ಮುಖ ಹಿಂಡಿದ.

"ಎತೇರಿ, ಈ ಮಾಂಸಕ್ಕೂ ಚಹಾಕ್ಕೂ ಸ್ವಲ್ಪಾನೂ ಹೊಂದಲ್ಲ!"

"ತಮಾದಾ ಮಾತಾಡ್ವಾಗ ಮಧ್ಯೆ ಬಾಯಿ ಹಾಕ್ಬಾರ್ದು" ಎಂದಳು ಎತೇರಿ, ಆ ತುದಿಯಿಂದ. "ಸುಮ್ನೆ ತಿನ್ನಿ ಭಾವ."

ಅವನು ಸುಮ್ಮನೆ ತಿಂದ.